ಮೂಲೆಯ ಅಂಗಡಿಯ ತನಕ

ಜನವರಿ ೧೧

ಅಕ್ಕಾ,

...ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರಬೇಕು ಎಂದೋ, ಬಿಟ್ಟಿರುತ್ತೇವೆ ಎಂದೋ, ಭಾವ ಹೇಳಿದ್ದು ಸರಿಯಾಗಿ ನೆನಪಾಗುತ್ತಿಲ್ಲ. ಯಾರದೋ ಕೋಟಿನ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದರು, ನಾನು ಮೇಜಿನ ಈಚೆ ನಿಂತಿದ್ದೆ. ಮನುಷ್ಯ ಯಾವಾಗಲೂ ಇದೇ ಅಳತೆಯಲ್ಲಿ ಇರುತ್ತಾನೆಂದು ನಂಬಿ ಹೊಲಿಯಬಾರದು ಎನ್ನುವಂಥ ಏನೋ ಮಾತು. ನಿಮ್ಮಲ್ಲಿಂದ ಹಿಂದಿರುಗುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತಿನ ಉಳಿದರ್ಧವನ್ನು ಹುಡುಕಿದೆ. ಕೇಳೋಣವೆಂದರೆ ಈಗ ಅವರು ಹೇಳುವ ಹಾಗಿಲ್ಲ.

ಲಕ್ವ ಹೊಡೆದವರನ್ನು ಮನೆಗೆ ಕರೆತಂದ ಮೇಲೆಯೇ ನಿಜವಾದ ಕೆಲಸ ಶುರು ಎಂದು ಡಾಕ್ಟರು ಹೇಳಿದ್ದನ್ನು ನೀನೂ ಕೇಳಿಸಿಕೊಂಡೆ. ಬಲಗೈ, ಬಲಗಾಲು, ಮಾತು: ಮೂರೂ ಹಿಂದಿರುಗಬಹುದು, ಹಿಂದಿರುಗದೆಯೂ ಇರಬಹುದು. ಅದಕ್ಕೇ ಒಂದು ಮಾತು. ಈ ವರ್ಷ ನಮ್ಮ ಹಾಳೆಗೆ ಭಾವನನ್ನೂ ಸೇರಿಸೋಣ.

ಅವರು ಇಷ್ಟು ವರ್ಷ ನಮ್ಮ ಹಾಳೆಯನ್ನು ನೋಡಿ ನಕ್ಕವರು. "ಅಕ್ಕ ತಮ್ಮ ಒಬ್ಬರಿಗೊಬ್ಬರು ಮಾರ್ಕ್ಸ್ ಹಾಕ್ಕೊಳ್ಳೋ ಆಟ" ಎನ್ನುತ್ತಿದ್ದರು. ಬಸ್ಸುಗಳ ವೇಳಾಪಟ್ಟಿ ಬರೆದು ಸಂಬಳ ತೆಗೆದುಕೊಳ್ಳುವ ನನಗೆ ಟೈಮ್‌ಟೇಬಲ್ಲು ಎಂದು ಹೆಸರಿಟ್ಟವರೂ ಅವರೇ. ನಗಲಿ. ಆದರೆ ಅಮ್ಮ ಮಾಡಿಟ್ಟ ನಿಯಮ ನಮ್ಮಿಬ್ಬರನ್ನು ಇಲ್ಲಿಯವರೆಗೆ ತಂದಿದೆ. ತನ್ನ ಗುರಿಯನ್ನು ತಾನೇ ಬರೆದುಕೊಳ್ಳಬಾರದು, ಇನ್ನೊಬ್ಬರು ಬರೆಯಬೇಕು. ತಿಂಗಳ ಲೆಕ್ಕವನ್ನು ಪತ್ರದಲ್ಲೇ ಒಪ್ಪಿಸಬೇಕು, ಫೋನಿನಲ್ಲಿ ಹೇಳಿದ್ದು ಸೇರುವುದಿಲ್ಲ. ದೇಹ, ಕೆಲಸ, ಮನೆ, ಜನ: ನಾಲ್ಕು ಕಾಲಂ. ನನ್ನ ಹೆಂಡತಿ ಬಿಟ್ಟು ಹೋದ ವರ್ಷ ನೀನು ನನ್ನ 'ದೇಹ'ದ ಕೆಳಗೆ 'ಸ್ನಾನ' ಎಂದಷ್ಟೇ ಬರೆದು ಕಳಿಸಿದ್ದೆ. ಓದಿ ನಗು ಬಂತು. ಎದ್ದು ಸ್ನಾನ ಮಾಡಿದೆ. ಆ ವರ್ಷ ನಾನು ಉಳಿದದ್ದು ಹಾಗೆ.

ಭಾವನ ಹಾಳೆ ಇದರ ಜೊತೆಗಿದೆ. ದೇಹ: ಮಾರ್ಚ್ ಮುಗಿಯುವ ಮುಂಚೆ ಕೋಲು ಹಿಡಿದು ಬಾಗಿಲ ತನಕ, ಜೂನ್ ಮುಗಿಯುವ ಮುಂಚೆ ಮೂಲೆಯ ಅಂಗಡಿಯ ತನಕ. ಕೆಲಸ: ಎಡಗೈಯಲ್ಲಿ ಚಾಕ್ ಹಿಡಿದು ನೇರ ಗೆರೆ. ಮನೆ: ತನ್ನ ಅಂಗಿ ತಾನೇ ಹಾಕಿಕೊಳ್ಳುವುದು. ಜನ: ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದು. ಅವರು ನಮಗೆ ಬರೆಯುವ ಸರದಿಯನ್ನು ಸದ್ಯಕ್ಕೆ ಬಿಟ್ಟುಬಿಡೋಣ.

ನಿನ್ನ 'ಕೆಲಸ'ದ ಕೆಳಗೆ ಒಂದೇ ಗುರಿ: ಕತ್ತರಿ. ಇಷ್ಟು ಕಾಲ ಕಾಜಾ ಹಾಕಿದೆ, ಗುಂಡಿ ಹೊಲಿದೆ, ರಸೀದಿ ಬರೆದೆ. ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಅವರು ನಿನ್ನನ್ನು ಬಿಡಲಿಲ್ಲ. ಈಗ ಬೇರೆ ದಾರಿಯಿಲ್ಲ.

ನಿನ್ನ ಹಾಳೆಯ ಇನ್ನರ್ಧ,
ತಮ್ಮ


ಫೆಬ್ರವರಿ ೧೯

ತಮ್ಮಾ,

ಹಾಳೆಯನ್ನು ಟ್ರಯಲ್ ರೂಮಿನ ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ಮಹಡಿ ಹತ್ತಿಸಲು ಆಗುವುದಿಲ್ಲವಾದ್ದರಿಂದ ಈಗ ಅದೇ ಇವರ ಕೋಣೆ. ಮಂಚದಲ್ಲಿ ಮಲಗಿದರೆ ಹಾಳೆ ಎದುರಿಗೇ ಕಾಣುತ್ತದೆ. ಗಿರಾಕಿಗಳು ಟ್ರಯಲ್ ನೋಡುವುದು ಅಂಗಡಿಯಲ್ಲೇ ಒಂದು ಪರದೆಯ ಹಿಂದೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಹಾಳೆ ನೋಡಿ, ಎಲ್ಲರ ಮನೆಯಲ್ಲೂ ಹೀಗಿದ್ದಿದ್ದರೆ ತನ್ನ ಅರ್ಧ ಕೆಲಸ ಉಳಿಯುತ್ತಿತ್ತು ಎಂದಳು. ಅದನ್ನು ನಿನಗೆ ತಿಳಿಸಬೇಕೆನ್ನಿಸಿತು.

ದೇಹ: ಮೇಜು ಹಿಡಿದು ನಿಲ್ಲುತ್ತಾರೆ. ಎರಡು ಹೆಜ್ಜೆ ಇಡುತ್ತಾರೆ, ಆಮೇಲೆ ನನ್ನ ಭುಜ ಬೇಕು.

ಮಾತು: 'ಹೂಂ' ಇದೆ, 'ಅದು' ಇದೆ. ನೀರೂ ಅದು, ಚಾದರವೂ ಅದು, ನಾನೂ ಅದು.

ನನ್ನ ಕೆಲಸ: ಮೊದಲ ಪೈಜಾಮ ಕತ್ತರಿಸಿದೆ. ಸದ್ಯ ನಮ್ಮದೇ ಹಳೆಯ ಬಟ್ಟೆ. ಹೊಲಿದು ಎತ್ತಿ ಹಿಡಿದರೆ ಎರಡೂ ಎಡಗಾಲೇ. ಇವರಿಗೆ ತೋರಿಸಬಾರದೆಂದು ಮಡಚುತ್ತಿದ್ದೆ, ನೋಡಿಬಿಟ್ಟರು. ಎಡಗೈಯಿಂದ ಪೈಜಾಮ ತೋರಿಸಿದರು, ಆಮೇಲೆ ತಮ್ಮನ್ನು ತೋರಿಸಿಕೊಂಡರು. ನನಗೇ ಸರಿಯಾಗುತ್ತೆ ಬಿಡು ಎಂಬಂತೆ. ಬಾಯಿಯ ಒಂದು ಬದಿ ಮಾತ್ರ ನಗುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕದ್ದು ಅದೇ ಮೊದಲು. ಇಬ್ಬರೂ ತುಂಬ ಹೊತ್ತು ನಕ್ಕೆವು. ಅದನ್ನು ಯಾವ ಕಾಲಮಿಗೆ ಹಾಕಬೇಕೋ ತಿಳಿಯಲಿಲ್ಲ, ಬಿಟ್ಟಿದ್ದೇನೆ.

ನಿನ್ನ 'ಜನ' ಏನಾಯಿತು? ಯಾರನ್ನಾದರೂ ಒಂದು ದಿನ ಊಟಕ್ಕೆ ಕರೆ ಎಂದು ಬರೆದಿದ್ದೆ. ಉತ್ತರದಲ್ಲಿ ಅದನ್ನು ಹಾರಿಸಬೇಡ.

ನಿನ್ನ ಅಕ್ಕ


ಮಾರ್ಚ್ ೧೪

ಅಕ್ಕಾ,

ಹಾರಿಸುತ್ತಿಲ್ಲ. ಪಕ್ಕದ ಮೇಜಿನವರನ್ನು ಕರೆದೆ, ಬಂದರು, ಉಂಡರು. ಆಫೀಸಿನಲ್ಲಿ ಇಬ್ಬರ ನಡುವೆ ಒಂದು ಕಿಟಕಿ ಇರುತ್ತದೆ, ಮನೆಯಲ್ಲಿ ಅದೂ ಇರಲಿಲ್ಲ. ಏನು ಮಾತಾಡಬೇಕೋ ತಿಳಿಯದೆ ಇಬ್ಬರೂ ಮಾರ್ಗ ಬದಲಾವಣೆಯ ಬಗ್ಗೆಯೇ ಮಾತಾಡಿದೆವು. ಅರ್ಧ ಗುರುತು ಹಾಕು.

ಭಾವನ ವಿಚಾರ. ಕಾಲು ಸರಿಯಾದ ದಾರಿಯಲ್ಲಿದೆ, ಮಾತು ಇಲ್ಲ. ನನ್ನ ಅಂದಾಜು ಹೇಳಲೇ? ಮಾತು ಬರದಿರುವುದಕ್ಕೆ ನೀನೇ ಕಾರಣ. ಅವರು 'ಅದು' ಎನ್ನುತ್ತಿದ್ದಂತೆ ನೀನು ನೀರು ತಂದು ಹಿಡಿಯುತ್ತೀಯ. ಹಾಗಿದ್ದ ಮೇಲೆ ನಾಲಿಗೆ ಯಾಕೆ ಕಷ್ಟಪಡಬೇಕು? ನಮ್ಮಲ್ಲಿ ಕೆಲವು ನಿಲ್ದಾಣಗಳಿವೆ. ಕೈ ತೋರಿಸಿದಲ್ಲೆಲ್ಲ ಡ್ರೈವರು ನಿಲ್ಲಿಸುತ್ತಾನೆಂದು ಗೊತ್ತಾದ ಮೇಲೆ ಅಲ್ಲಿಗೆ ನಡೆದು ಬರುವವರೇ ಇಲ್ಲ.

ಕೈ ತೋರಿಸಿದರೆ ಕೊಡಬೇಡ. ಹೆಸರು ಹೇಳಿದರೆ ಕೊಡು. ನೀರು ಎಂದರೆ ನೀರು. ಒಂದೆರಡು ದಿನ ನಿನಗೆ ಕಷ್ಟವಾಗುತ್ತದೆ, ಅವರಿಗಿಂತ ನಿನಗೇ ಹೆಚ್ಚು. ನನ್ನ ಆ ವರ್ಷದಲ್ಲಿ ನೀನು ನನ್ನ ಮೇಲೆ ಕರುಣೆ ತೋರಿಸಲಿಲ್ಲ ಎಂಬುದನ್ನು ನೆನಪಿಟ್ಟುಕೋ.

ತಮ್ಮ


ಏಪ್ರಿಲ್ ೨೦

ತಮ್ಮಾ,

ನೀರು ಎಂದರು.

ಹೇಗೆಂದು ವಿವರವಾಗಿ ಬರೆಯುವುದಿಲ್ಲ. ಬೆಳಿಗ್ಗೆ ಕೈ ತೋರಿಸಿದರು, ನಾನು ಲೋಟ ಹಿಡಿದು ನಿಂತೆ. ಮಧ್ಯಾಹ್ನವೂ ನಿಂತೆ. ವ್ಯಾಯಾಮದ ಹುಡುಗಿ ಬಂದು ನನ್ನ ಮುಖ ನೋಡಿ ಬೇಗ ಹೊರಟುಹೋದಳು. ಸಂಜೆಗೆ ಅಂದರು. ಸ್ಪಷ್ಟವಾಗಿ, ಎರಡೂ ಅಕ್ಷರ. ನಾನು ಅತ್ತುಬಿಟ್ಟೆ, ಲೋಟ ಕೊಟ್ಟೆ, ಹಾಳೆಗೆ ಗುರುತು ಹಾಕಿದೆ. ಇವರು ಕುಡಿಯದೆ ಪಕ್ಕಕ್ಕಿಟ್ಟರು. ಸುಸ್ತಾಗಿರಬೇಕು.

ಅದಾದ ಮೇಲೆ ನೀರಿಗಾಗಿ ನನ್ನನ್ನು ಕೇಳಿಲ್ಲ. ಗೋಡೆ ಹಿಡಿದುಕೊಂಡು ಬಚ್ಚಲ ನಲ್ಲಿಯ ತನಕ ತಾವೇ ಹೋಗಿ ಕುಡಿದು ಬರುತ್ತಾರೆ. ಅದನ್ನು 'ದೇಹ'ಕ್ಕೆ ಹಾಕಿದ್ದೇನೆ.

ಬಾಗಿಲ ತನಕದ್ದು ಯಾವಾಗಲೋ ಮುಗಿಯಿತು. ಈಗ ಗಿರಾಕಿಗಳು ಬಂದಾಗ ಒಂದು ಸಲ ನಡೆಸಿ ತೋರಿಸುತ್ತೇನೆ. ಎಲ್ಲರೂ ಹಳಬರು, ಇವರ ಕೈಯ ಅಂಗಿ ತೊಟ್ಟವರು. ಮೊನ್ನೆ ಬ್ಯಾಂಕಿನವರು ಚಪ್ಪಾಳೆ ತಟ್ಟಿದರು. "ಮಾಸ್ತರರೇ, ಮುಂದಿನ ತಿಂಗಳು ನನ್ನ ಕೋಟಿಗೆ ನೀವೇ ಅಳತೆ ತೆಗೀಬೇಕು" ಅಂದರು. ಇವರು ಪರದೆಯ ಹಿಂದೆ ಹೋಗಿ ಕೂತರು.

ನನ್ನ ಕತ್ತರಿ ಈಗ ಅಂಗಿಯ ತೋಳಿನ ತನಕ ಬಂದಿದೆ. ಸರಿಯಾಗಿದೆಯೇ ಎಂದು ಇವರ ಮುಂದೆ ಹಾಸುತ್ತೇನೆ. ನೋಡುತ್ತಾರೆ. ಬೆರಳಿಟ್ಟು ತೋರಿಸುವುದನ್ನು ಬಿಟ್ಟಿದ್ದಾರೆ. ತಪ್ಪು ಕಡಿಮೆಯಾಗಿದೆ ಎಂದುಕೊಂಡಿದ್ದೇನೆ.

ನಿನ್ನ ಅಕ್ಕ


ಜೂನ್ ೨

ತಮ್ಮಾ,

ನಿನ್ನ ಪತ್ರ ಬಂದಿಲ್ಲ, ಆದರೂ ಕಾಯದೆ ಬರೆಯುತ್ತಿದ್ದೇನೆ. ಇದು ಕಾಯುವ ಸುದ್ದಿಯಲ್ಲ.

ಗುರಿ ಇದ್ದದ್ದು ಮೂಲೆಯ ಅಂಗಡಿಯ ತನಕ. ನಿನ್ನೆ ಇವರು ಬಸ್ ನಿಲ್ದಾಣದ ತನಕ ಹೋಗಿದ್ದರು. ಒಬ್ಬರೇ.

ಮಧ್ಯಾಹ್ನ ನೂಲು ತರಲು ಹೋಗಿದ್ದೆ. ಬಂದು ನೋಡಿದರೆ ಮಂಚ ಖಾಲಿ. ನಾಲ್ಕೂ ಬೀದಿ ಓಡಿದೆ. ಕೊನೆಗೆ ನಿಲ್ದಾಣದ ಚಹಾದವನು ಫೋನ್ ಮಾಡಿದ. "ಅಮ್ಮಾ, ಮಾಸ್ತರರು ಇಲ್ಲೇ ಬೆಂಚಿನ ಮೇಲೆ ಕೂತಿದ್ದಾರೆ, ಗಾಬರಿ ಆಗಬೇಡಿ." ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದರು, ಎಡಗೈಯಲ್ಲೇ ಗುಂಡಿ ಹಾಕಿಕೊಂಡಿದ್ದರು, ಕಾಲರಿನದ್ದೂ ಸೇರಿ. ಪಕ್ಕದಲ್ಲಿ ಬಟ್ಟೆಯ ಚೀಲ. ಅದರಲ್ಲಿ ಎರಡು ಜೊತೆ ಬಟ್ಟೆ, ಗಡ್ಡ ಕೆರೆಯುವ ಸಾಮಾನು, ಮಾತ್ರೆ, ಎಲ್ಲ ಮಡಚಿ ಅಚ್ಚುಕಟ್ಟಾಗಿ. ಇನ್ನೊಂದು ಕೇಳು. ಚಹಾದವನು ಎಲ್ಲಿಗೆ ಎಂದು ಕೇಳಿದ್ದಕ್ಕೆ ಇವರು ತಮ್ಮ ಅಕ್ಕನ ಊರಿನ ಹೆಸರನ್ನು ಪೂರ್ತಿ ಹೇಳಿದರಂತೆ. ಒತ್ತಕ್ಷರ ಸಮೇತ. ನನ್ನ ಹೆಸರನ್ನೇ ಇನ್ನೂ ಅನ್ನಲಾಗದವರು.

ದೇಹ, ಮನೆ, ಜನ: ಒಂದೇ ದಿನ ಮೂರಕ್ಕೂ ಗುರುತು. ರಿಕ್ಷಾದಲ್ಲಿ ಕರೆತಂದೆ. ಬರುವಾಗ ಹೊರಗೇ ನೋಡುತ್ತಿದ್ದರು.

ಮುಂದಿನ ಗುರಿ ಬೇಗ ಬರೆದು ಕಳಿಸು. ಹಾಳೆಯಲ್ಲಿ ಜಾಗ ಮುಗಿದಿದೆ.

ಅಕ್ಕ


ಜೂನ್ ೧೭

ಅಕ್ಕಾ,

ನಿನ್ನ ಪತ್ರ ಆಫೀಸಿನ ವಿಳಾಸಕ್ಕೆ ಬಂತು. ಅಲ್ಲೇ ಓದಿದೆ. ಶಹಬ್ಬಾಸ್ ಎಂದು ಒಂದು ಕಾರ್ಡಿನಲ್ಲಿ ಬರೆದು, ಅಂಚೆಚೀಟಿ ಅಂಟಿಸಿ, ಪೆಟ್ಟಿಗೆಗೆ ಹಾಕಲು ಹೊರಟವನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಹಿಂದಿರುಗಿ ಬಂದು ನಿನ್ನ ಪತ್ರವನ್ನು ಮತ್ತೆ ಓದಿದೆ. ನೀನು ಚೀಲದಲ್ಲಿ ಇದ್ದದ್ದನ್ನೆಲ್ಲ ಬರೆದಿದ್ದೀಯ. ಬರೆದದ್ದು ಒಳ್ಳೆಯದಾಯಿತು.

ಹಲವು ದಿನ ಬೇರೆ ಏನೇನೋ ಬರೆದು ಹರಿದೆ. ಇದಕ್ಕಿಂತ ಮೆತ್ತಗೆ ಹೇಳುವ ದಾರಿ ಸಿಗಲಿಲ್ಲ. ಅವರು ನಡೆದು ತೋರಿಸುತ್ತಿರಲಿಲ್ಲ ಅಕ್ಕಾ. ಮನೆ ಬಿಟ್ಟು ಹೊರಟಿದ್ದರು.

ನಾವು ನೋಡಿದ್ದು ಎಷ್ಟು ದೂರ ಎಂಬುದನ್ನು. ಯಾವ ಕಡೆಗೆ ಎಂಬುದನ್ನು ನೋಡಲಿಲ್ಲ. ನೀರಿನ ವಿಷಯದಲ್ಲಿ ನನ್ನ ಮಾತು ಕೇಳಬಾರದಿತ್ತು, ನಾನು ಹೇಳಬಾರದಿತ್ತು.

ಆ ಹಾಳೆಯನ್ನು ತೆಗೆದುಬಿಡು. ಹೊಸ ಗುರಿ ಕಳಿಸುತ್ತಿಲ್ಲ.

ತಮ್ಮ


ಜುಲೈ ೩೦

ತಮ್ಮಾ,

ನನಗೆ ಗೊತ್ತಿರಲಿಲ್ಲ ಎಂದುಕೊಂಡೆಯಾ? ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದವಳು, ಗಂಡ ಬಟ್ಟೆ ತುಂಬಿಕೊಂಡು ನಿಲ್ದಾಣದಲ್ಲಿ ಕೂತಿರುವುದನ್ನು ಕಂಡು ವ್ಯಾಯಾಮ ಎಂದುಕೊಳ್ಳುತ್ತೇನೆಯೇ? ಬೆಂಚಿನ ಹತ್ತಿರ ಹೋದಾಗಲೇ ಗೊತ್ತಾಯಿತು. ಮನೆಗೆ ಬಂದು ಪೆನ್ನು ಹಿಡಿದೆ. ನಾಲ್ಕು ಕಾಲಮಿನಲ್ಲಿ ಅದನ್ನು ಬರೆಯಲು ಎಲ್ಲಿ ಜಾಗವಿತ್ತು? ಇದ್ದ ಜಾಗದಲ್ಲಿ ಬರೆದೆ. ನೀನಾದರೂ ಮೋಸ ಹೋಗಿದ್ದರೆ ಆ ಸುದ್ದಿ ಒಂದು ಕಡೆಯಾದರೂ ಸಂತೋಷದ ಸುದ್ದಿಯಾಗಿ ಉಳಿಯುತ್ತಿತ್ತು. ಅಷ್ಟೂ ಮಾಡಲಿಲ್ಲ ನೀನು.

ನಿನ್ನ ಪತ್ರ ಬಂದ ಮರುದಿನ ಹಾಳೆ ಕಿತ್ತೆ. ಗೋಡೆಯ ಸುಣ್ಣವೂ ಕಿತ್ತು ಬಂತು. ಇವರು ನೋಡುತ್ತಿದ್ದರು. ನಾನೇ ಕೇಳಿದೆ, "ನಿಮ್ಮಕ್ಕನ ಮನೆಗೆ ಕರ್ಕೊಂಡು ಹೋಗಲಾ?" ಹೂಂ ಎಂದರು. ಆ ಹೂಂ ಯಾವುದಕ್ಕೆ ಎಂದು ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಚೀಲ ನಾನು ತುಂಬಿದೆ. ಅವರು ತುಂಬಿದಷ್ಟು ಚೆನ್ನಾಗಿ ಬರಲಿಲ್ಲ.

ಬಸ್ಸಿನ ಮೊದಲ ಮೆಟ್ಟಿಲು ಅಷ್ಟು ಎತ್ತರ ಎಂದು ಇದಕ್ಕೆ ಮುಂಚೆ ನನಗೆ ತಿಳಿದಿರಲಿಲ್ಲ. ಇಬ್ಬರು ಗಂಡಸರು ಹಿಡಿದೆತ್ತಿದರು. ನೀನು ಅದನ್ನು ನಿನ್ನ ಆಫೀಸಿನಲ್ಲಿ ಯಾರಿಗಾದರೂ ಹೇಳು.

ಅವರ ಅಕ್ಕ ನಾನು ಎಣಿಸಿದ್ದಕ್ಕಿಂತ ಒಳ್ಳೆಯ ಹೆಂಗಸು. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿದರು, ನೀರಿನ ತಂಬಿಗೆ ಕೈಗೆಟಕುವಲ್ಲಿ ಇಟ್ಟರು. ಅಷ್ಟೇ. ಅಷ್ಟು ಮಾಡುವುದು ನನಗೆ ಯಾಕೆ ಹೊಳೆಯಲಿಲ್ಲವೋ.

ಭಾನುವಾರ ಹೋಗಿ ಬರುತ್ತೇನೆ. ಉಳಿದ ದಿನ ಅಂಗಡಿ. ಈಗ ಮೇಜು ನನ್ನದೇ. ಕತ್ತರಿಸುವಾಗ ಬಟ್ಟೆಯ ಸದ್ದು ಇಷ್ಟು ಜೋರಾಗಿರುತ್ತದೆ ಎಂದು ಕೂಡ ಗೊತ್ತಿರಲಿಲ್ಲ.

ನನಗೆ ಸದ್ಯ ಬರೆಯಬೇಡ.

ಅಕ್ಕ


ಸೆಪ್ಟೆಂಬರ್. ತಾರೀಕು ಇಲ್ಲಿ ಯಾರೂ ಹೇಳುವುದಿಲ್ಲ.

ಟೈಮ್‌ಟೇಬಲ್ಲೇ,

ಎಡಗೈ. ಒಂದು ಸಾಲಿಗೆ ಒಂದು ಬೆಳಿಗ್ಗೆ. ನಗಬೇಡ. ನಗು, ಪರವಾಗಿಲ್ಲ.

ನಿಮ್ಮಾಟದಲ್ಲಿ ಎಲ್ಲರೂ ಎಲ್ಲರಿಗೂ ಬರೆಯಬೇಕು. ನನಗೆ ಮಾತ್ರ ಬರೆಯಲು ಕೊಡಲಿಲ್ಲ. ಈಗ ಬರೆಯುತ್ತೇನೆ.

ನಿನಗೆ: ಅಂಗಡಿಗೆ ಹೋಗು. ಸ್ಟೂಲಿನ ಮೇಲೆ ಕೂತಿರು. ಅವಳನ್ನು ಏನೂ ಕೇಳಬೇಡ.

ಅವಳಿಗೆ: ಕತ್ತರಿಸುವಾಗ ಉಸಿರು ಹಿಡಿಯುತ್ತಾಳೆ. ಅದಕ್ಕೇ ತೋಳು ಓರೆಯಾಗುತ್ತದೆ. ಬಿಡಲಿ.

ನನಗೆ ಬೇಡ.

ಭಾವ


ನವೆಂಬರ್ ೨೬

ಭಾವ,

ಈ ಪತ್ರಕ್ಕೆ ವಿಳಾಸವಿಲ್ಲ. ಆದರೂ ಗುರಿ ಬರೆದವರಿಗೆ ಲೆಕ್ಕ ಒಪ್ಪಿಸಬೇಕು ಎಂಬುದು ನಿಯಮ. ಅಮ್ಮ ಹೋದ ಮೇಲೂ ಅದನ್ನು ನಾವು ಸಡಿಲಿಸಿಲ್ಲ.

ತಡವಾಯಿತು. ನಿಮ್ಮ ಕಾಗದ ಬಂದಾಗ ರಜೆಗೆ ಬರೆದುಕೊಟ್ಟೆ. ಹೊಸ ವೇಳಾಪಟ್ಟಿ ಮುಗಿಯಲಿ ಎಂದರು, ಮುಗಿಯಲಿ ಎಂದು ನಾನೂ ಅಂದೆ. ಅಷ್ಟರಲ್ಲಿ ನಿಮಗೆ ಎರಡನೇ ಸಲ ಲಕ್ವ ಹೊಡೆಯಿತು, ನೀವು ಹೋಗಿಬಿಟ್ಟಿರಿ. ಅದು ಭಾನುವಾರವಾಗಿರಲಿಲ್ಲ. ಅಕ್ಕ ಅಂಗಡಿಯಲ್ಲಿ ಬ್ಯಾಂಕಿನವರ ಕೋಟನ್ನು ಕತ್ತರಿಸುತ್ತಿದ್ದಳಂತೆ. ಫೋನ್ ಇಟ್ಟು, ಹಿಡಿದಿದ್ದ ತುಂಡನ್ನು ಕೊನೆಯ ತನಕ ಕತ್ತರಿಸಿ ಮುಗಿಸಿ, ಆಮೇಲೆ ಹೊರಟಳಂತೆ. ಇದನ್ನು ಅವಳು ನನ್ನ ಮುಖ ನೋಡದೆ ಹೇಳಿದಳು. ನಾನು ಯಾಕೆಂದು ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ವಾರ ಅಂಗಡಿಯಲ್ಲಿ ಕೂತೆ. ಸ್ಟೂಲಿಗೆ ಮೂರೇ ಕಾಲು ನೆಟ್ಟಗಿವೆ ಎಂದು ನೀವು ಎಚ್ಚರಿಸಬಹುದಿತ್ತು. ಮೊದಲ ದಿನ ಅವಳು ನನ್ನನ್ನು ಗಿರಾಕಿಯಂತೆ ನೋಡಿದಳು. ಎರಡನೇ ದಿನ ಗುಂಡಿಗಳ ಡಬ್ಬಿ ತಂದು ಮಡಿಲಿಗಿಟ್ಟು, "ಕೂತಿರೋದಾದ್ರೆ ಬಣ್ಣ ಬೇರೆ ಮಾಡು, ದಂಡಕ್ಕೆ ಕೂರಬೇಡ" ಅಂದಳು. ಬೇರೆ ಮಾಡಿದೆ. ಸಂಜೆ ಅವಳು ಮತ್ತೆ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಳು. ನಾಲ್ಕನೇ ದಿನ ನಿಮ್ಮ ಸಾಲನ್ನು ಓದಿ ಹೇಳಿದೆ, ಉಸಿರಿನದ್ದು. ಕತ್ತರಿಯನ್ನು ಬಟ್ಟೆಯೊಳಗೇ ಬಿಟ್ಟು ಮೇಜಿನ ಅಂಚು ಹಿಡಿದುಕೊಂಡಳು. "ಇಷ್ಟನ್ನು ಮೊದಲೇ ಹೇಳೋಕೆ ಏನಾಗಿತ್ತು ಇವರಿಗೆ" ಅಂದಳು. ಆಮೇಲೆ ನೆನಪಾಗಿ ಮತ್ತೆ ಕತ್ತರಿಗೆ ಕೈ ಹಾಕಿದಳು. ಮಾತಿದ್ದ ಕಾಲದಲ್ಲಿ ನೀವು ಅವಳಿಗೆ ಕತ್ತರಿ ಕೊಟ್ಟಿರಲಿಲ್ಲ, ಕತ್ತರಿ ಬಂದಾಗ ಮಾತಿರಲಿಲ್ಲ.

ಅವಳು ನಿಮ್ಮ ಬಗ್ಗೆ ಒಂದೇ ಒಂದು ಸಲ ತಾನಾಗಿ ಮಾತೆತ್ತಿದಳು. ಅವರು ನನ್ನಿಂದ ದೂರ ಹೋಗಬೇಕೆಂದಿದ್ದರು, ಹೋದರು, ಅದೊಂದು ಕೆಲಸವನ್ನಾದರೂ ನಾನು ಅಡ್ಡ ಬರದೆ ಮಾಡಿಕೊಟ್ಟೆ ಎಂದಳು. ಅಳಲಿಲ್ಲ. ಅದರ ಮೇಲೆಯೇ ಅವಳು ಈಗ ನಿಂತಿದ್ದಾಳೆ ಎಂದು ನನಗನ್ನಿಸಿತು.

ಹೊರಡುವ ದಿನ ನಿಲ್ದಾಣಕ್ಕೆ ಬೇಗ ಬಂದೆ. ಚಹಾದವನು ಗುರುತು ಹಿಡಿದ, ನೀವು ಕೂತಿದ್ದ ಬೆಂಚನ್ನು ತೋರಿಸಿದ. ನಾನು ಕೇಳದೆಯೇ ಹೇಳತೊಡಗಿದ. ಆ ದಿನ ನೀವು ಹೇಳಿದ ಊರಿನ ಬಸ್ಸು ಬಂತಂತೆ. ಬರಲೇಬೇಕು, ಆ ಮಾರ್ಗದ ವೇಳೆಯನ್ನು ಬರೆದವನು ನಾನು. ಬೆಂಚಿನ ಎದುರಿಗೇ ನಿಂತಿತಂತೆ. ಕಂಡಕ್ಟರು ಕೋಲನ್ನು ನೋಡಿ ಕೆಳಗಿಳಿದು, "ಬನ್ನಿ ಯಜಮಾನರೇ, ನಾನು ಎತ್ತಿ ಕೂರಿಸ್ತೀನಿ" ಎಂದು ಕೈ ಚಾಚಿದನಂತೆ. ನೀವು ಚೀಲ ತೆಗೆದುಕೊಂಡು ಎದ್ದು ನಿಂತಿರಂತೆ. ಒಂದು ಸಲ ಅವನ ಕೈ ನೋಡಿ, ಒಂದು ಸಲ ಅಂಗಡಿಯ ಕಡೆಯ ರಸ್ತೆ ನೋಡಿ, ಮತ್ತೆ ಕೂತಿರಂತೆ. ಬಸ್ಸು ಹೋಯಿತು. ಅದಾದ ಮೇಲೆ ಚಹಾದವನು ಅಕ್ಕನಿಗೆ ಫೋನ್ ಮಾಡಿದ್ದು. "ಅಮ್ಮಾವ್ರಿಗೆ ಇದನ್ನ ಹೇಳಿಲ್ಲ ಸಾರ್, ಯಾಕೆ ಅಂತ ಗೊತ್ತಿಲ್ಲ" ಅಂದ.

ನಾನೂ ಹೇಳಿಲ್ಲ. ಹಿಂದಿರುಗಿ ಅಂಗಡಿಗೆ ಹೋಗಿ ಹೇಳಬಹುದಿತ್ತು, ಸಮಯವಿತ್ತು. ಹೇಳಿದರೆ ಅವಳು ನಿಂತಿರುವ ನೆಲವನ್ನೇ ಕಿತ್ತ ಹಾಗೆ. ಅವಳು ನಿಮ್ಮನ್ನು ನೀವು ಬಯಸಿದಲ್ಲಿಗೇ ಬಿಟ್ಟು ಬಂದಳೋ, ನೀವು ಹೋಗುವುದಿಲ್ಲವೆಂದು ತೀರ್ಮಾನಿಸಿದ್ದಲ್ಲಿಗೆ ಕರೆದೊಯ್ದಳೋ, ಇನ್ನು ಯಾರೂ ಹೇಳುವಂತಿಲ್ಲ. ಹೇಳದಿದ್ದರೆ, ನಿಮಗೆ ತಾನು ಬೇಡವಾಗಿದ್ದೆ ಎಂದೇ ನಂಬಿ ಅವಳು ಉಳಿದ ಬಟ್ಟೆಯನ್ನೆಲ್ಲ ಕತ್ತರಿಸುತ್ತಾಳೆ.

ಇಲ್ಲಿ ನನ್ನ ಮೇಜಿನ ಮೇಲೆ ಆ ಮಾರ್ಗದ ಹಾಳೆಯಿದೆ. ಬಸ್ಸು ಬರುವ ವೇಳೆಯಿದೆ, ಹೊರಡುವ ವೇಳೆಯಿದೆ. ಆ ಬಸ್ಸು ಹೋದ ಮೇಲೆ, ಅಕ್ಕ ಓಡಿ ಬರುವ ತನಕ, ನೀವು ಯಾರ ದಾರಿ ನೋಡುತ್ತಾ ಕೂತಿದ್ದಿರಿ ಭಾವ?